ಗುರುತು ಹೇಳುವವನು

ಖಲೂಜ್ ತಪ್ಪಿಸಿಕೊಂಡ ದಿನ ಝುವೈನಾ ಅದನ್ನು ಹುಡುಕಿಕೊಂಡು ಹೋಗಲಿಲ್ಲ. ಎಲ್ಲಿಗೆ ಹೋಗಿರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಈದ ಕರು ಸತ್ತುಹೋದ ಹೆಣ್ಣೊಂಟೆಗೆ ನಮ್ಮ ಮರಳಿನವರು ಖಲೂಜ್ ಅನ್ನುತ್ತಾರೆ. ಅದನ್ನು ಎಷ್ಟು ದೂರ ಹೊಡೆದುಕೊಂಡು ಬಂದು ಕಟ್ಟಿಹಾಕಿದರೂ ಒಂದಲ್ಲ ಒಂದು ದಿನ ಹಗ್ಗ ಕಿತ್ತುಕೊಂಡು ಕರು ಬಿದ್ದ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಇದರ ಕರು ಬಿದ್ದದ್ದು ಚಳಿಗಾಲದಲ್ಲಿ, ಮರಳು ಮುಗಿದು ಕಲ್ಲುಬಯಲು ಶುರುವಾಗುವ ಕಡೆ, ಬಖೀತ್ ಎಂಬ ಯಜಮಾನನ ಬಾವಿಯ ಆಚೆ. ಆದ್ದರಿಂದ ಹೋದದ್ದು ದೊಡ್ಡ ಮಾತಲ್ಲ. ವಾಪಸು ತರುವುದು ಹೇಗೆ ಎನ್ನುವುದೇ ಅವಳನ್ನು ಕೊರೆಯುತ್ತಿತ್ತು. ತರಬೇಕಾದರೆ ಗುರುತು ಹೇಳಬೇಕು. ಹೇಳಬೇಕಾದವನು ಖಲ್ಫಾನ್, ಅವಳ ಗಂಡ.

ಗುರುತು ಹೇಳುವುದೆಂದರೆ ಹೀಗೆ. ತಪ್ಪಿಸಿಕೊಂಡ ಒಂಟೆ ಯಾರ ಬಾವಿಗೆ ಬಂದು ನಿಂತಿತೋ ಅವರು ಅದಕ್ಕೆ ನೀರು ಕುಡಿಸಿ, ತಮ್ಮ ಒಂಟೆಗಳ ಜೊತೆ ಬೇಲಿಯೊಳಗೆ ಕೂಡಿಕೊಳ್ಳುತ್ತಾರೆ. ಕೇಳಿಕೊಂಡು ಬಂದವನ ಕಣ್ಣಿಗೆ ಅದನ್ನು ಬೀಳಿಸುವುದಿಲ್ಲ. ಅವನು ಮೊದಲು ಬಾಯಲ್ಲಿ ಹೇಳಬೇಕು. ಕತ್ತಿನ ಮೇಲಿನ ಬರೆ ನೋಡಿ ಕೊಟ್ಟುಬಿಡುವ ಹಾಗಿಲ್ಲ, ಬರೆ ಇಡೀ ಕುಲಕ್ಕೆಲ್ಲ ಒಂದೇ. ಹೇಳುವುದಕ್ಕೂ ಒಂದು ಕ್ರಮ ಉಂಟು. ಎಲ್ಲಕ್ಕಿಂತ ಇಕ್ಕಟ್ಟಾದ, ಆ ಒಂದಕ್ಕೆ ಮಾತ್ರ ಹೊಂದುವ ಹೆಸರು ಬಾಯಿಂದ ಮೊದಲು ಬೀಳಬೇಕು. "ನನ್ನದೊಂದು ಒಂಟೆ ಕಳೆದಿದೆ" ಎಂದು ಶುರು ಮಾಡಿದವನಿಗೆ ಕಾಫಿ ಕುಡಿಸಿ, ಖರ್ಜೂರ ತಿನ್ನಿಸಿ, ಮರ್ಯಾದೆಯಿಂದ ಕಳಿಸಿಬಿಡುತ್ತಾರೆ. ಕಳ್ಳ ಯಾವಾಗಲೂ ಅಗಲದಿಂದ ಶುರು ಮಾಡುತ್ತಾನಲ್ಲ. ಒಂಟೆ ಎನ್ನುತ್ತಾನೆ, ಎದುರಿನವನ ಮುಖ ನೋಡುತ್ತಾನೆ. ಹೆಣ್ಣು ಎನ್ನುತ್ತಾನೆ, ಮತ್ತೆ ಮುಖ ನೋಡುತ್ತಾನೆ. ಆ ಮುಖವನ್ನೇ ದಾರಿ ಮಾಡಿಕೊಂಡು ಹೆಜ್ಜೆ ಹೆಜ್ಜೆಗೆ ಒಳಗೆ ಬರುತ್ತಾನೆ. ಸ್ವಂತದ್ದನ್ನು ಕಳೆದುಕೊಂಡವನಿಗೆ ಈ ಒದ್ದಾಟವಿಲ್ಲ. ಅವನ ಕಣ್ಣಮುಂದೆ ಒಂಟೆ ಎನ್ನುವುದು ಇರುವುದೇ ಇಲ್ಲ, ಆ ಒಂದು ಮಾತ್ರ ಇರುತ್ತದೆ.

ಖಲ್ಫಾನ್ ಈ ಕೆಲಸದಲ್ಲಿ ಎತ್ತಿದ ಕೈ. ತನ್ನವಂತೂ ಸರಿಯೇ, ಬೇರೆಯವರು ಜಗಳಕ್ಕೆ ಬಿದ್ದಾಗಲೂ ಅವನನ್ನು ಕರೆದೊಯ್ಯುತ್ತಿದ್ದರು. ಗಬ್ಬ ನಿಂತದ್ದು, ಗಬ್ಬವಿಲ್ಲದೆಯೂ ನಿಂತ ಹಾಗೆ ಬಾಲ ಎತ್ತಿ ಮೋಸ ಮಾಡುವುದು, ಚೊಚ್ಚಲ ಸೂಲಿನದು, ಸತ್ತ ಕರುವಿನ ಬದಲು ಬೇರೆಯದರ ಕರುವಿಗೆ ಮೊಲೆ ಕೊಡುವುದು, ನೀರು ಕಂಡೊಡನೆ ಮುಂದೆ ನುಗ್ಗುವುದು, ಎಲ್ಲ ಕುಡಿಯುವ ತನಕ ಹಿಂದೆ ನಿಂತು ಕಾಯುವುದು, ಒಂದೊಂದಕ್ಕೂ ಒಂದೊಂದು ಹೆಸರು. ಮರಳಿನ ಮೇಲಿನ ಹೆಜ್ಜೆ ನೋಡಿ ಅವನು ಆ ಹೆಸರು ಹೇಳಿಬಿಡುತ್ತಿದ್ದ. ಒಮ್ಮೆ ಜಾನುವಾರು ಗಣತಿಗೆಂದು ಪೇಟೆಯಿಂದ ಬಂದಿದ್ದ ಹುಡುಗ, "ಮಾವ, ನಿಮಗೆ ಒಂಟೆ ಎಷ್ಟು?" ಎಂದು ಕೇಳಿದ್ದ. ಖಲ್ಫಾನ್ ಗಂಭೀರವಾಗಿ, "ಒಂಟೆ ಅನ್ನೋದು ನನ್ನ ಹತ್ರ ಒಂದೂ ಇಲ್ಲಪ್ಪ. ಎರಡು ಗಬ್ಬದವು ಇದಾವೆ, ಒಂದು ಕಡಸು ಇದೆ, ಹಲ್ಲು ಬಿದ್ದದ್ದು ಒಂದು ಮುದುಕಿ ಇದೆ. ನೀನು ಕೇಳಿದ್ದು ಎಲ್ಲಾದ್ರೂ ಸಿಕ್ರೆ ನನಗೂ ತೋರ್ಸು" ಎಂದಿದ್ದ. ಆ ಮಾತು ಡೇರೆಯಿಂದ ಡೇರೆಗೆ ನಕ್ಕುಕೊಂಡು ಓಡಾಡಿತ್ತು.

ಅಂಥವನ ಬಾಯಿಂದ ಮಾತು ಯಾವಾಗ ಜಾರಲು ಶುರುವಾಯಿತು ಎಂದು ಕೇಳಿದರೆ ಝುವೈನಾ ಹೇಳಲಾರಳು. ಒಂದು ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಾಗ ಅವನು ಕಡಸಿನ ಕಡೆ ಕೈ ತೋರಿಸಿ, "ಆ ಹೆಣ್ಣೊಂಟೆಗೆ ನೀರಿಟ್ಯಾ?" ಎಂದ. ಅವಳ ಕೈ ಹಿಟ್ಟಿನಲ್ಲೇ ನಿಂತಿತು. ತಪ್ಪೇನಲ್ಲ, ಕಡಸೂ ಹೆಣ್ಣೊಂಟೆಯೇ. ಆದರೆ ಖಲ್ಫಾನ್ ಹಾಗೆ ಹೇಳುವ ಮನುಷ್ಯನಲ್ಲ. "ಕಡಸಿಗೆ ಇಟ್ಟೆ" ಎಂದು ಅವಳು ತಿದ್ದಿದಳು. "ಹೂಂ, ಅದೇ" ಎಂದ.

ಆಮೇಲೆ ಮರಳ ದಿಬ್ಬ ಗಾಳಿಗೆ ಸವೆಯುವ ಹಾಗೆ ದಿನಾ ಸ್ವಲ್ಪ ಸ್ವಲ್ಪ ಹೋಯಿತು. ಇಕ್ಕಟ್ಟಾದ ಹೆಸರುಗಳು ಮೊದಲು ಉದುರಿದವು. ಗಬ್ಬದ್ದು, ಚೊಚ್ಚಲಿನದು, ಬತ್ತಿದ್ದು ಎಲ್ಲ ಹೋಗಿ ಹೆಣ್ಣೊಂಟೆ ಉಳಿಯಿತು. ಹೆಣ್ಣೊಂಟೆ ಹೋಗಿ ಬರೀ ಒಂಟೆ ಉಳಿಯಿತು. ಫರ್ದ್, ಖುನೈಝಿ ಎಂದು ನಾಲಗೆಯ ತುದಿಯಲ್ಲಿ ಖರ್ಜೂರದ ಜಾತಿ ಹೇಳುತ್ತಿದ್ದವನು ಎಲ್ಲಕ್ಕೂ ಖರ್ಜೂರ ಎಂದ, ಕೆಲವು ತಿಂಗಳಲ್ಲಿ ಅದನ್ನೂ ಬಿಟ್ಟು, "ತಿನ್ನೋದು ಕೊಡು" ಎನ್ನತೊಡಗಿದ. ನಮ್ಮಲ್ಲಿ ಗಂಡ ಹೆಂಡತಿಯನ್ನು ಚಿಕ್ಕಪ್ಪನ ಮಗಳೇ ಎಂದು ಕರೆಯುವುದು ವಾಡಿಕೆ. ಖಲ್ಫಾನನೂ ಹಾಗೇ ಕರೆಯುತ್ತಿದ್ದ, ಮನಸ್ಸು ತಿಳಿಯಾಗಿದ್ದಾಗ ಹೆಸರು ಹಿಡಿದು ಕೂಗುತ್ತಿದ್ದ. ಈಗ "ಹೆಂಗಸೇ" ಎನ್ನುತ್ತಿದ್ದ. ಅದನ್ನವಳು ವಯಸ್ಸಾದವರ ಹುಡುಗಾಟ ಎಂದುಕೊಂಡಳು.

ಖಲ್ಫಾನನ ತಮ್ಮ ಮತರ್ ಪಕ್ಕದ ದಿಬ್ಬದಾಚೆ ಇರುತ್ತಿದ್ದ. ಅವನ ಬಾಯಿ ಸುಮ್ಮನೆ ಕೂರುವ ಬಾಯಲ್ಲ. ಅಣ್ಣ ಈಗ ಪೇಟೆಯವನಾಗಿಬಿಟ್ಟ, ಇನ್ನು ತಂಪು ಯಂತ್ರ ಹಾಕಿದ ಆಫೀಸಿನಲ್ಲಿ ಕೂತು ಒಂಟೆ ಲೆಕ್ಕ ಬರೆಯುತ್ತಾನೆ ಎಂದು ರೇಗಿಸುತ್ತಿದ್ದ. ಖಲ್ಫಾನ್ ಎಲ್ಲರ ಜೊತೆ ತಾನೂ ನಗುತ್ತಿದ್ದ. ಆ ನಗು ಒಂಚೂರು ತಡವಾಗಿ ಬರುತ್ತಿತ್ತು, ಬೇರೆಯವರು ನಕ್ಕ ಮೇಲೆ. ಅದನ್ನು ಕಂಡವಳು ಝುವೈನಾ ಒಬ್ಬಳೇ.

ಅವನು ಆಡು ಕುರಿ ಒಂಟೆಗೆಲ್ಲ ಒಟ್ಟಿಗೆ ಜಾನುವಾರು ಎನ್ನತೊಡಗಿದಾಗ ಮತರ್ ತಾನೇ ತನ್ನ ಪಿಕಪ್ ಗಾಡಿ ತೆಗೆದು ಇಬ್ಬರನ್ನೂ ಕರಾವಳಿಯ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಸುಡಾನ್ ಕಡೆಯ ಒಬ್ಬ ಡಾಕ್ಟರಮ್ಮ ಇದ್ದಳು. ತಲೆಯ ಫೋಟೋ ತೆಗೆಸಿದಳು, ಆಮೇಲೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಮುಂದಿಟ್ಟಳು. ಕುದುರೆಗೆ ಖಲ್ಫಾನ್ ಜಾನುವಾರು ಎಂದ. ಕೋಳಿಗೂ ಜಾನುವಾರು. ಒಂಟೆಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಅದಕ್ಕೂ ಅದನ್ನೇ ಹೇಳಿ, ಸರಿಯಾಯಿತೇ ಎಂಬಂತೆ ಡಾಕ್ಟರಮ್ಮನ ಮುಖ ನೋಡಿದ. ಆಕೆ ಝುವೈನಾಳನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ತಿಳಿಹೇಳಿದಳು. ಇದು ಮೆದುಳು ಸವೆಯುವ ಕಾಯಿಲೆ. ಸಣ್ಣ ಸಣ್ಣ ಮಾತು ಮೊದಲು ಹೋಗುತ್ತದೆ, ಎಲ್ಲವನ್ನೂ ಒಳಗೆ ಹಾಕಿಕೊಳ್ಳುವ ದೊಡ್ಡ ಮಾತು ಕೊನೆಗೆ ಹೋಗುತ್ತದೆ. ಔಷಧಿ ಇಲ್ಲ.

"ಬಾಯಿಗೆ ಬರ್ತಿಲ್ಲ ಅಷ್ಟೇ ಅಲ್ವಾ?" ಎಂದು ಝುವೈನಾ ಕೇಳಿದಳು. "ಒಳಗೆ ಗೊತ್ತಿರುತ್ತೆ ತಾನೆ?"

"ಇಲ್ಲಮ್ಮ. ಹೆಸರು ಒಂದೇ ಹೋಗಲ್ಲ. ಅದರ ಜೊತೆ ಆ ವಸ್ತೂನೂ ಹೋಗುತ್ತೆ."

ಝುವೈನಾ ಈ ಮಾತನ್ನು ಮನೆಗೆ ತರಲಿಲ್ಲ. ದಾರಿಯಲ್ಲೇ ಬಿಟ್ಟು ಬಂದಳು. ಕಾಗದದ ಮೇಲಿನ ಒಂಟೆಗೆ ವಾಸನೆಯಿಲ್ಲ, ಹೆಜ್ಜೆಯಿಲ್ಲ, ಗಂಟಲಲ್ಲಿ ಸದ್ದಿಲ್ಲ. ಅದಕ್ಕೆ ಹೆಸರು ಹೇಳು ಎಂದರೆ ಯಾರು ತಾನೆ ಹೇಳುತ್ತಾರೆ? ಅವನ ನಾಲಗೆಗೆ ಬೀಗ ಬಿದ್ದಿದೆ, ಕಣ್ಣು ತೆರೆದೇ ಇದೆ, ಎಂದು ಅವಳು ಗಟ್ಟಿಮಾಡಿಕೊಂಡಳು. ಅಂದಿನಿಂದ ಅವನು ಅಗಲವಾಗಿ ಹೇಳಿದ ಪ್ರತಿಯೊಂದಕ್ಕೂ ಇಕ್ಕಟ್ಟಾದ ಹೆಸರನ್ನು ತಾನು ಹೇಳುತ್ತ ಬಂದಳು. ಜಾನುವಾರು ಕೂಗ್ತಿದೆ ಎಂದರೆ, ಮರಿ ಕಳಕೊಂಡ ಮೇಕೆ ಕೂಗ್ತಿದೆ ಎನ್ನುವಳು. ಜನ ಬಂದಾಗ ಅವನ ಪಕ್ಕದಲ್ಲೇ ಕೂತು, ಅವನು ತಡವರಿಸಿದಲ್ಲಿ ತಾನು ಮಾತು ಎತ್ತಿಕೊಳ್ಳುವಳು. ಮುದುಕಿಗೆ ಮಾತು ಜಾಸ್ತಿಯಾಯಿತು ಎಂದು ಬಂದವರು ಅಂದುಕೊಂಡು ಹೋದರೆ ಅವಳಿಗೆ ನೆಮ್ಮದಿ.

ಖಲೂಜ್ ಬಖೀತನ ಬೇಲಿಯಲ್ಲಿದೆ ಎಂಬ ಸುದ್ದಿಯನ್ನು ಮತರನೇ ತಂದ. ಖಲ್ಫಾನನ ಕುಲದವನೇ ಇನ್ನೊಬ್ಬ ಆಗಲೇ ಹೋಗಿ, ಬರೆ ನಮ್ಮದು, ಒಂಟೆ ನಮ್ಮದು ಎಂದನಂತೆ. ಬಖೀತ್ ಅವನಿಗೆ ಕಾಫಿ ಕೊಟ್ಟು ಕಳಿಸಿದನಂತೆ. ಬಖೀತ್ ಬೇರೆ ಕುಲದವನು, ನ್ಯಾಯಸ್ಥ, ಕ್ರಮ ಬಿಟ್ಟು ಒಂದು ಕೂದಲು ಕೊಡುವವನಲ್ಲ. ತಾನೇ ಹೋಗಿ ಗುರುತು ಹೇಳಿ ತರುವುದಾಗಿ ಮತರ್ ಹೇಳಿದ. ಝುವೈನಾ ಒಪ್ಪಲಿಲ್ಲ.

"ಅಣ್ಣ ಹೇಳಕ್ಕಾಗುತ್ತಾ ಅತ್ತಿಗೆ? ಮೊನ್ನೆ ನನ್ನ ಗಾಡೀನ ತೋರ್ಸಿ ಜಾನುವಾರು ಅಂದ."

"ನಿನ್ನ ಗಾಡಿ ಸದ್ದು ಮಾಡೋ ರೀತಿಗೆ ಯಾರಾದ್ರೂ ಹಾಗೇ ಅಂತಾರೆ."

"ತಮಾಷೆ ಬಿಡು. ನೀನೇ ಹೋಗಿ ಹೇಳು ಹಾಗಿದ್ರೆ. ನಿನಗಿಂತ ಚೆನ್ನಾಗಿ ಯಾರು ಹೇಳ್ತಾರೆ?"

ಹೆಂಗಸರು ಗುರುತು ಹೇಳಬಾರದೆಂದೇನೂ ಇಲ್ಲ. ಗಂಡ ತೀರಿಹೋದವರು, ಗಂಡ ಊರಲ್ಲಿಲ್ಲದವರು ಹೇಳುತ್ತಲೇ ಬಂದಿದ್ದಾರೆ. ಆದರೆ ಗಂಡ ಡೇರೆಯಲ್ಲಿ ಗಟ್ಟಿಮುಟ್ಟಾಗಿ ಕೂತಿರುವಾಗ ಹೆಂಡತಿ ಹೋಗಿ ಹೇಳಿದರೆ, ಆ ಗಂಡ ಇಲ್ಲ ಎಂದು ಮರಳಿಗೆಲ್ಲ ಸಾರಿದ ಹಾಗೆ. ತಮ್ಮ ಹೇಳಿದರೂ ಅಷ್ಟೇ. ಝುವೈನಾ ಹೊರಗೆ ಹೇಳಿದ ಕಾರಣ ಇದು. ಒಳಗೆ ಇನ್ನೊಂದಿತ್ತು, ಅದನ್ನು ಅವಳು ಮತರನಿಗೆ ಹೇಳಲಿಲ್ಲ. ಬಖೀತನ ಮುಂದೆ ಕೂತು ಗಂಡ ಒಮ್ಮೆ ಸರಿಯಾಗಿ ಹೇಳಿಬಿಟ್ಟರೆ ಆ ಡಾಕ್ಟರಮ್ಮ ಸುಳ್ಳಾಗುತ್ತಾಳೆ. ಅವಳಿಗೆ ಬೇಕಾದದ್ದು ಒಂಟೆಯಲ್ಲ. ಖಲ್ಫಾನ್ ಇನ್ನೂ ಇದ್ದಾನೆ ಎನ್ನುವುದಕ್ಕೆ ಒಂದು ಸಾಕ್ಷಿ.

ಆಮೇಲೆ ಕಲಿಸಲು ಕೂತಳು. ಬೆಳಿಗ್ಗೆ ಕಾವಲಿಯ ಮೇಲೆ ತೆಳು ರೊಟ್ಟಿ ಹರಡುತ್ತ, ಮಧ್ಯಾಹ್ನ ಘಾಫ್ ಮರದ ನೆರಳಲ್ಲಿ ಉಣ್ಣೆ ನೂಲುತ್ತ, ಒಂದೇ ಸಮನೆ ಹೇಳಿಕೊಟ್ಟಳು. ಖಲೂಜ್. ಬಿಳಿ, ಕತ್ತಿನ ಬುಡದಲ್ಲಿ ಕೆಂಪು ಛಾಯೆ. ಮೂರನೇ ಸೂಲಿನದು. ಎಡಗಿವಿ ಸೀಳು. ಹಿಂದಿನ ಬಲಗಾಲಿನ ಸವೆದ ಅಂಗಾಲಿಗೆ ಚರ್ಮದ ತೇಪೆ ಹೊಲಿದಿದೆ. ಹಾಲು ಹಿಂಡುವಾಗ ಎಡಕ್ಕೆ ತಿರುಗಿ ನೋಡುತ್ತದೆ. ಹುಡುಗರಿಗೆ ಪ್ರಾರ್ಥನೆಯ ಸಾಲು ಕಲಿಸುವ ಹಾಗೆ ಒಂದೊಂದೇ ಸಾಲು. ಅವನು ತಪ್ಪಿದರೆ ಮಂಡಿ ಅಲುಗಿಸಿ ಮೊದಲಿನಿಂದ ಶುರು ಮಾಡಿಸುವಳು. ಅವಳಿಗೆ ಬೇಸರವೆಂಬುದೇ ಇರಲಿಲ್ಲ. ಅವನಿಗೂ ಅದು ಹಿಡಿಸಿತು. ಹಾಡಿನ ಹಾಗೆ ಲಯ ಹಿಡಿದು ಹೇಳತೊಡಗಿದ. ಕೆಲವೇ ದಿನದಲ್ಲಿ ಬಾಯಿ ಪಾಠ ಆಯಿತು. ನಿಂತಲ್ಲಿ ಕೂತಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುವನು.

ಒಂದು ದಿನ ನಡುವೆ ನಿಲ್ಲಿಸಿ ಕೇಳಿದ, "ಖಲೂಜ್ ಅಂದ್ರೆ ಏನು?"

ಕಾವಲಿಯ ಮೇಲೆ ಸೀದ ರೊಟ್ಟಿಯನ್ನು ಅವಳು ಕೆರೆದು ತೆಗೆದಳು. ಆಮೇಲೆ ಹೇಳಿದಳು, "ಕರು ಸತ್ತುಹೋದ ತಾಯಿ."

"ಅಯ್ಯೋ ಪಾಪ" ಎಂದ ಖಲ್ಫಾನ್.

ಆ ಪಾಪ ಎಂಬ ಮಾತನ್ನು ಅವಳು ಹಿಡಿದುಕೊಂಡುಬಿಟ್ಟಳು. ಮರುಕ ಹುಟ್ಟಿತಲ್ಲ, ಅಂದರೆ ಗೊತ್ತಿದೆ. ಗೊತ್ತಿಲ್ಲದೆ ಮರುಕ ಎಲ್ಲಿಂದ ಬರಬೇಕು?

ಬಖೀತನಲ್ಲಿಗೆ ಹೋದದ್ದು ಮತರನ ಗಾಡಿಯಲ್ಲಿ, ಬಿಸಿಲೇರುವ ಮೊದಲು. ಖಲ್ಫಾನನಿಗೆ ಅವಳು ಒಗೆದ ನಿಲುವಂಗಿ ತೊಡಿಸಿ, ರುಮಾಲು ಸುತ್ತಿ, ಸೊಂಟಕ್ಕೆ ಅವನ ಅಪ್ಪನ ಬಾಕು ಕಟ್ಟಿದ್ದಳು. ಕಲ್ಲುಬಯಲಿನ ಅಂಚಿನಲ್ಲಿ ಗರಿಯ ತಟ್ಟಿ ಕಟ್ಟಿದ ಎರಡು ಚಪ್ಪರ, ನೀರಿನ ಟ್ಯಾಂಕು, ಹಳೆಯ ತಗಡು ಮತ್ತು ಮುಳ್ಳುಕಂಟಿಯ ಬೇಲಿ. ಅವಳು ಹೆಂಗಸರ ಚಪ್ಪರದೊಳಗೆ ಹೋಗಿ ಕೂತಳು. ಬಖೀತನ ಮನೆಯವರು ಕ್ಷೇಮ ಕೇಳುತ್ತಿದ್ದರೆ ಇವಳು ಉತ್ತರ ಕೊಡುತ್ತ, ತಟ್ಟಿಯ ಸಂದಿಯಿಂದ ಗಂಡಸರನ್ನೇ ನೋಡುತ್ತಿದ್ದಳು.

ಮೊದಮೊದಲು ಎಲ್ಲ ಹೂವೆತ್ತಿದ ಹಾಗೆ ನಡೆಯಿತು. ಗಂಡಸರು ಸುತ್ತ ಕೂತರು. ಸುದ್ದಿಯೇನು ಎಂದು ಬಖೀತ್ ಕೇಳಿದ. ಸುದ್ದಿಯಿಲ್ಲ, ಎಲ್ಲ ಕ್ಷೇಮ, ನಿಮ್ಮ ಕಡೆಯ ಸುದ್ದಿಯೇನು ಎಂದು ಖಲ್ಫಾನ್ ಕ್ರಮ ತಪ್ಪದೆ ಹೇಳಿದ. ಕಾಫಿ ಬಂದಾಗ ಬಲಗೈಯಲ್ಲಿ ತೆಗೆದುಕೊಂಡ, ಸಾಕಾದಾಗ ಬಟ್ಟಲು ಅಲುಗಿಸಿದ. ಝುವೈನಾಳ ಎದೆ ಇಷ್ಟಿಷ್ಟೇ ಹಗುರಾಯಿತು. ಬಖೀತ್ ಗಂಟಲು ಸರಿಮಾಡಿಕೊಂಡು, "ಏನು ಕಳ್ಕೊಂಡ್ರಿ ಅಣ್ಣ?" ಎಂದು ಕೇಳಿದ.

"ಖಲೂಜ್" ಎಂದ ಖಲ್ಫಾನ್.

ಮೊದಲ ಮಾತೇ ಅದು. ಬಖೀತನ ಕಡೆಯ ಗಂಡಸರು ಒಬ್ಬರನ್ನೊಬ್ಬರು ನೋಡಿದರು. ಹಳೆಯ ಖಲ್ಫಾನ್ ಮಂಕಾಗಿದ್ದಾನೆ ಎಂದು ಯಾರೋ ಅಂದದ್ದು ಅವರ ಕಿವಿಗೂ ಬಿದ್ದಿರಬೇಕು. ಅವನು ಬಿಳಿ ಎಂದ, ಕೆಂಪು ಛಾಯೆ ಎಂದ, ಸೂಲು ಹೇಳಿದ, ಕಿವಿ ಹೇಳಿದ, ಅಂಗಾಲಿನ ತೇಪೆ ಹೇಳಿದ, ಎಡಕ್ಕೆ ತಿರುಗಿ ನೋಡುವುದನ್ನೂ ಹೇಳಿ ನಿಲ್ಲಿಸಿದ. ಎಲ್ಲೂ ತೊದಲಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ತಟ್ಟಿಯ ಹಿಂದೆ ಝುವೈನಾ ನಮ್ಮ ಹೆಂಗಸರು ತೊಡುವ ಬಟ್ಟೆಯ ಮುಖವಾಡದ ಅಂಚಿನಿಂದ ಕಣ್ಣು ಒರೆಸಿಕೊಂಡಳು. ಡಾಕ್ಟರಮ್ಮ ಇಲ್ಲಿ ಇದ್ದಿದ್ದರೆ ಎಂದುಕೊಂಡಳು.

ಬಖೀತ್ ಮನಸ್ಸು ತುಂಬಿ ನಕ್ಕ. ಗುರುತು ಅಂದರೆ ಹೀಗಿರಬೇಕು, ಈಗಿನವರಿಗೆ ಎಲ್ಲಿ ಬರುತ್ತೆ ಎಂದ. ಆಮೇಲೆ ಬೇಲಿಯ ಕಡೆ ಕೈ ಮಾಡಿ, "ಹೋಗಿ ಅಣ್ಣ, ನಿಮ್ಮದನ್ನ ನೀವೇ ಬಿಡಿಸ್ಕೊಳ್ಳಿ" ಎಂದ.

ಇದನ್ನು ಝುವೈನಾ ಯೋಚಿಸಿಯೇ ಇರಲಿಲ್ಲ. ಯಾರೂ ಯೋಚಿಸುವುದಿಲ್ಲ. ಗುರುತು ಒಪ್ಪಿತವಾದ ಮೇಲೆ ಒಡೆಯ ತಾನೇ ಬೇಲಿಯೊಳಗೆ ಹೋಗಿ ತನ್ನದರ ಹಗ್ಗ ಹಿಡಿದು ಹೊರಗೆ ತರುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅದು ಪರೀಕ್ಷೆಯಲ್ಲ, ಮರ್ಯಾದೆ. ಕಷ್ಟವೆಲ್ಲ ಬಾಯಲ್ಲಿ ಹೇಳುವುದು. ತನ್ನದನ್ನು ಹೋಗಿ ಹಿಡಿದುಕೊಳ್ಳುವುದರಲ್ಲಿ ಏನಿದೆ, ಮಗುವೂ ಹಿಡಿದುಕೊಳ್ಳುತ್ತದೆ.

ಖಲ್ಫಾನ್ ಎದ್ದು, ನಿಲುವಂಗಿಯ ಮರಳು ಕೊಡವಿ, ಬೇಲಿಯೊಳಗೆ ಹೋದ. ಅಲ್ಲಿ ನಿಂತುಕೊಂಡ. ಸುತ್ತ ಒಂಟೆಗಳಿದ್ದವು, ಬಿಳಿಯದು ಒಂದೇ. ಅವನ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಯಿತು. ಜಾತ್ರೆಯಲ್ಲಿ ತನ್ನವರು ಕಾಣದೆ ನಿಂತ ಮನುಷ್ಯನ ಗಾಬರಿ ಆ ಮುಖದಲ್ಲಿ ಇದ್ದಿದ್ದರೂ ಝುವೈನಾ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಗಾಬರಿ ಇರಲಿಲ್ಲ. ಬೇರೆಯವರ ಮನೆಯ ಸಾಮಾನು ನೋಡುವ ಅತಿಥಿಯ ಹಾಗೆ ನೋಡುತ್ತಿದ್ದ.

ಖಲೂಜ್ ಅವನನ್ನು ಕಂಡಿತು. ಬೇರೆಯವನ್ನು ಸರಿಸಿಕೊಂಡು ಹತ್ತಿರ ಬಂದು, ಅವನ ಹೆಗಲು ಮೂಸಿ, ಗಂಟಲಲ್ಲಿ ಕರುವನ್ನು ಕರೆಯುವಂಥ ಸಣ್ಣ ಸದ್ದು ಮಾಡಿತು. ಖಲ್ಫಾನ್ ಅದರ ಮೂತಿಯನ್ನು ಮೊಣಕೈಯಿಂದ ದೂಡಿದ. ಸಿಟ್ಟಿನಿಂದಲ್ಲ. ದಾರಿಗೆ ಅಡ್ಡ ಬಂದ ಏನನ್ನೋ ಸರಿಸಿದ ಹಾಗೆ. ಆಮೇಲೆ ತನಗೆ ಎಲ್ಲಕ್ಕಿಂತ ಹತ್ತಿರ ನಿಂತಿದ್ದ ಕಪ್ಪು ಹೋರಿಯೊಂಟೆಯ ಮೂಗುದಾರ ಹಿಡಿದು, ಹೊರಗೆ ನಡೆಸಿಕೊಂಡು ಬಂದ.

ಹೋರಿ ಬಖೀತನದು, ಎಳೆಯ ಗಂಡು, ರಾತ್ರಿಯಷ್ಟು ಕಪ್ಪು. ಮತರ್ ಜೋರಾಗಿ, "ಅಣ್ಣನ ತಮಾಷೆ ಇನ್ನೂ ಹೋಗಿಲ್ಲ ನೋಡಿ" ಎಂದ. ಆ ಮಾತು ಬಿಸಿಲಿನಲ್ಲಿ ಬಿದ್ದು ಅಲ್ಲೇ ಒಣಗಿತು.

ಬಖೀತ್ ಎದ್ದು ಹತ್ತಿರ ಹೋದ. ಅವನ ದನಿ ಮೆತ್ತಗಿತ್ತು. "ಅಣ್ಣ, ನೀವು ಹೇಳಿದ್ದು ಇದೇನಾ?"

ಖಲ್ಫಾನನಿಗೆ ಖುಷಿಯಾಯಿತು. ಇದು ಅವನಿಗೆ ಬರುತ್ತಿತ್ತು. ಒಂದು ಕೈಯನ್ನು ಕಪ್ಪು ಹೋರಿಯ ಕತ್ತಿನ ಮೇಲಿಟ್ಟುಕೊಂಡು ಹೇಳಲು ಶುರು ಮಾಡಿದ. ಖಲೂಜ್. ಬಿಳಿ, ಕತ್ತಿನ ಬುಡದಲ್ಲಿ ಕೆಂಪು ಛಾಯೆ. ಮೂರನೇ ಸೂಲಿನದು. ಎಲ್ಲೂ ತಪ್ಪದೆ, ಲಯ ಕೆಡದೆ, ಕೊನೆಯವರೆಗೂ ಹೇಳಿ, ಇನ್ನೊಮ್ಮೆ ಕೇಳಲಿ ಎಂಬಂತೆ ಬಖೀತನ ಮುಖ ನೋಡಿ ನಕ್ಕ.

ಬಖೀತ್ ನೆಲ ನೋಡಿಕೊಂಡು ನಿಂತಿದ್ದ. ಆಮೇಲೆ ಮತರನ ಕಡೆ ತಿರುಗಿ, "ಈ ಮಾತು ಅವರದಲ್ಲ ತಮ್ಮ" ಎಂದ. "ಯಾರೋ ಕಲಿಸಿ ಕಳಿಸಿದಾರೆ. ಕಲಿಸಿದ ಮಾತಿಗೆ ನಾನು ಬಿಟ್ಟುಕೊಟ್ರೆ, ನಾಳೆ ಯಾವ ಕಳ್ಳ ಬೇಕಾದ್ರೂ ಬಂದು ಹಾಡು ಹೇಳಿ ಹೊಡ್ಕೊಂಡು ಹೋಗ್ತಾನೆ."

ಕಳ್ಳ ಎಂಬ ಮಾತು ಅವನು ಖಲ್ಫಾನನಿಗೆ ಅಂದದ್ದಲ್ಲ. ಆದರೂ ಆ ಮಾತು ಖಲ್ಫಾನ್ ನಿಂತಿದ್ದ ಜಾಗದ ಹತ್ತಿರವೇ ಬಿತ್ತು. ಝುವೈನಾ ತಟ್ಟಿ ಸರಿಸಿಕೊಂಡು ಹೊರಗೆ ಬಂದಳು. ಬರುವಾಗ ಅವಳಿಗೆ ಏನು ಕಳೆದುಕೊಳ್ಳುತ್ತಿದ್ದೇನೆ ಎನ್ನುವುದು ಸ್ಪಷ್ಟವಾಗಿ ಗೊತ್ತಿತ್ತು. ಸುಮ್ಮನಿದ್ದರೆ ಗಂಡ ಸುಳ್ಳುಗಾರ. ಬಾಯಿ ತೆರೆದರೆ ಗಂಡ ಇಲ್ಲ. ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ಚಪ್ಪರದಿಂದ ಬೇಲಿಯವರೆಗಿನ ದಾರಿ ಮಾತ್ರ ಇತ್ತು, ಅದೂ ಉದ್ದವಲ್ಲ.

"ಕಲಿಸಿದವಳು ನಾನು" ಎಂದಳು. "ಗುರುತು ನಾನು ಹೇಳ್ತೀನಿ, ಕೇಳಣ್ಣ."

ಖಲೂಜ್ ಎಂದೇ ಶುರು ಮಾಡಿದಳು. ಆದರೆ ಆಮೇಲೆ ಅವಳು ಹೇಳಿದ್ದು ಖಲ್ಫಾನನಿಗೆ ಕಲಿಸಿದ್ದನ್ನಲ್ಲ. ಕರು ಹೊರಗೆ ಬರುವಾಗ ಮುಂಗಾಲು ಕಾಣಿಸಿ ತಲೆ ಹಿಂದಕ್ಕೆ ಮಡಚಿಕೊಂಡದ್ದು ಹೇಳಿದಳು. ತಾಯಿ ಮಲಗಲೊಲ್ಲದೆ ನಿಂತೇ ತಿಣುಕಿದ್ದು, ಕರುವಿನ ಮೈಮೇಲೆ ಬಲಗಡೆ ಒಂದು ಕಂದು ಮಚ್ಚೆ ಇದ್ದದ್ದು, ಸತ್ತದ್ದನ್ನು ಮೂರು ದಿನ ನೆಕ್ಕಿದ್ದರಿಂದ ತಾಯಿಯ ನಾಲಗೆ ಒರಟಾಗಿ ಹಾಲು ಹಿಂಡುವವಳ ಕೈ ನೆಕ್ಕಿದರೆ ಉರಿಯುತ್ತಿದ್ದದ್ದು, ಒಂದು ಮೊಲೆ ಆಗಿನಿಂದ ಕಟ್ಟಿಕೊಂಡದ್ದು. ಹೇಳುತ್ತ ಹೇಳುತ್ತ ಅವಳ ದನಿ ಎಲ್ಲೂ ಏರಲಿಲ್ಲ. ಕರುವನ್ನು ಹಿಡಿದು ಎಳೆದವರು ಯಾರು ಎಂದು ಮಾತ್ರ ಹೇಳಲಿಲ್ಲ. ಭುಜದ ತನಕ ಕೈ ಹಾಕಿ, ಹಲ್ಲು ಕಚ್ಚಿ, ಅಳುತ್ತ ಎಳೆದವನು ಅವಳ ಪಕ್ಕದಲ್ಲೇ ನಿಂತು, ದೂರದೇಶದ ಸುದ್ದಿ ಕೇಳುವ ಹಾಗೆ ತಲೆಯಾಡಿಸಿ, ಹೌದಾ, ಹೌದಾ ಎನ್ನುತ್ತಿದ್ದ.

ಬಖೀತ್ ತಾನೇ ಹೋಗಿ ಖಲೂಜಿನ ಹಗ್ಗ ತಂದು ಅವಳ ಕೈಗಿಟ್ಟ. "ತೊಗೊಂಡು ಹೋಗು ತಂಗಿ" ಎಂದ. ಅನ್ನ ಮತ್ತು ಒಣ ಮೀನು ಬೇಯಿಸಿದ್ದರು. ಉಣ್ಣದೆ ಕಳಿಸಲಿಲ್ಲ. ಖಲ್ಫಾನ್ ಚೆನ್ನಾಗಿ ಉಂಡ. ಗಂಡಸರು ಅವನ ಮುಂದಕ್ಕೆ ಒಳ್ಳೊಳ್ಳೆಯ ತುಂಡು ಸರಿಸಿ ಇಡುತ್ತಿದ್ದರು, ಕಾಯಿಲೆಯ ಮಗುವಿಗೆ ಇಡುವ ಹಾಗೆ. ಝುವೈನಾ ತಟ್ಟಿಯ ಸಂದಿಯಿಂದ ಮತ್ತೆ ನೋಡಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಮತರ್ ಗಾಡಿಯನ್ನು ನಿಧಾನವಾಗಿ ಓಡಿಸಿದ. ಹಿಂದೆ ಕಾಲು ಕಟ್ಟಿ ಕೂರಿಸಿದ್ದ ಖಲೂಜ್ ಗಾಡಿ ಕುಣಿದಾಗಲೆಲ್ಲ ನರಳುತ್ತಿತ್ತು. ಅದೇನು ಸದ್ದು ಎಂದು ಖಲ್ಫಾನ್ ಕೇಳಿದ. ಝುವೈನಾಳ ಬಾಯಿಗೆ ಉತ್ತರ ಅಭ್ಯಾಸದಿಂದ ಬಂತು, ತುಟಿಯ ತನಕ ಬಂದು ನಿಂತಿತು. ಯಾರಿಗೆ ಹೇಳುವುದು? ಇಷ್ಟು ದಿನ ಅವಳು ಒಂದು ಮುಚ್ಚಿದ ಬಾಗಿಲ ಮುಂದೆ ಕೂತು ಹೆಸರು ಕೂಗುತ್ತಿದ್ದಳು, ಒಳಗಿರುವವನಿಗೆ ಕೇಳುತ್ತಿದೆ ಎಂದು. ಒಳಗೆ ಯಾರೂ ಇರಲಿಲ್ಲ. ಹೆಸರು ಹೋದ ದಿನವೇ ಆ ಒಂಟೆಯೂ ಅವನೊಳಗಿಂದ ಎದ್ದು ಹೋಗಿತ್ತು. ಕಡಸು ಹಾಗೇ ಹೋಗಿತ್ತು, ಖರ್ಜೂರ ಹಾಗೇ ಹೋಗಿತ್ತು. ಮುಂದೆ ಯಾವುದರ ಸರದಿ ಎಂದು ಅವಳು ಯೋಚಿಸಲಿಲ್ಲ. ಅದು ಅವನು ಹೆಂಗಸೇ ಎಂದು ಕರೆದ ದಿನವೇ ಆಗಿಹೋಗಿತ್ತು, ಅವಳು ಹುಡುಗಾಟ ಎಂದುಕೊಂಡಿದ್ದಳು ಅಷ್ಟೇ.

ಸುದ್ದಿ ಅವರಿಗಿಂತ ಮುಂಚೆ ಡೇರೆ ಮುಟ್ಟಿತ್ತು. ಗುರುತಿಗೆ ಕರೆಯಲು ಖಲ್ಫಾನನ ಬಳಿಗೆ ಆಮೇಲೆ ಯಾರೂ ಬರಲಿಲ್ಲ. ಬಂದವರು ನೋಡಲು ಬಂದರು, ಸಕ್ಕರೆ ಚಹಾಪುಡಿ ಕೈಯಲ್ಲಿ ಹಿಡಿದುಕೊಂಡು, ದನಿ ತಗ್ಗಿಸಿಕೊಂಡು. ಅವನ ಎದುರಿಗೇ ಅವನ ವಿಷಯ ಮಾತಾಡಿದರು.

ಒಂಟೆಗಳನ್ನು ತನ್ನ ಬೇಲಿಗೆ ಹೊಡೆದುಕೊಂಡು ಹೋಗುತ್ತೇನೆ, ಹಾಲು ದಿನಾ ಕಳಿಸುತ್ತೇನೆ ಎಂದು ಮತರ್ ಹೇಳಿದಾಗ ಝುವೈನಾ ಬೇಡ ಎನ್ನಲಿಲ್ಲ. ಅವನು ಬಂದ ದಿನ ಅವಳು ಖಲ್ಫಾನನ ಪಕ್ಕದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ಮತರ್ ಗಬ್ಬದವನ್ನು ಮೊದಲು ಬಿಚ್ಚಿದ, ಆಮೇಲೆ ಕಡಸು, ಮುದುಕಿ. ಖಲೂಜಿನ ಹತ್ತಿರ ನಿಂತು, "ಇದನ್ನಾದ್ರೂ ಇಟ್ಕೋತೀಯಾ ಅತ್ತಿಗೆ? ನಿನ್ನ ಕೈಗೆ ಹೊಂದ್ಕೊಂಡಿರೋದು" ಎಂದು ಕೇಳಿದ.

"ಆ ಒಂಟೇನೂ ತೊಗೊಂಡು ಹೋಗು" ಎಂದಳು ಝುವೈನಾ.

ಮತರ್ ಅವಳನ್ನು ನೋಡಿದ. ಅವಳ ಬಾಯಲ್ಲಿ ಒಂಟೆ ಎಂಬ ಬರಿಯ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ರೇಗಿಸಲಿಲ್ಲ. ಹಗ್ಗ ಬಿಚ್ಚಿಕೊಂಡು, ಸಾಲನ್ನು ದಿಬ್ಬದ ಕಡೆ ತಿರುಗಿಸಿದ.

ಖಲ್ಫಾನ್ ಕಣ್ಣಿಗೆ ಕೈ ಅಡ್ಡ ಹಿಡಿದು, ಅವು ದಿಬ್ಬ ಹತ್ತುವುದನ್ನು ನೋಡುತ್ತಿದ್ದ. ನೋಡಿ ನೋಡಿ ಅವಳ ಕಡೆ ತಿರುಗಿ, "ಅಲ್ಲಿ ಹೋಗ್ತಿರೋದು ಏನು?" ಎಂದು ಕೇಳಿದ.

"ಏನೋ" ಎಂದಳು.

ಅವನಿಗೆ ಅಷ್ಟು ಸಾಕಾಯಿತು.